ಕಾವಲಿಯ ಮೇಲೆ ಜೆಸಿಬಿ

ದೋಸೆ ತಿಂದು ಬೆಳೆದ ನಮಗೆ ಕಾವಲಿಯ ಮೇಲೆ ಬರೆಯಲು ಬರುವುದು ಒಂದೇ ಆಕಾರ. ಅದನ್ನು ಬರೆಯುವುದು ಎನ್ನುವುದೂ ಹೆಚ್ಚಾಯಿತು. ಸೌಟನ್ನು ನಡುವಿನಿಂದ ಸುತ್ತಿಸುತ್ತ ಬಂದರೆ ದುಂಡು ತಾನಾಗಿ ಆಗುತ್ತದೆ. ಬಹಳವಾದರೆ ಅಮ್ಮಂದಿರು ತಳದಲ್ಲಿ ಉಳಿದ ಹಿಟ್ಟಿನಿಂದ ಒಂದು ಮರಿ ದೋಸೆ ಹುಯ್ದು, ಅದರ ನೆತ್ತಿಯ ಮೇಲೆ ಎರಡು ಕಿವಿ ಅಂಟಿಸುತ್ತಿದ್ದರು. ಅದು ಬೆಕ್ಕೋ ಕರಡಿಯೋ ಎಂಬುದು ತಿನ್ನುವವರ ಇಷ್ಟ. ಅಷ್ಟರಲ್ಲೇ ತೃಪ್ತರಾಗಿ ನಾವೆಲ್ಲ ದೊಡ್ಡವರಾದೆವು.

ಈಗಿನ ಮಕ್ಕಳಲ್ಲಿ ಆ ಔದಾರ್ಯವಿಲ್ಲ. ಯಾರೋ ಸೀಸೆಯಿಂದ ಪ್ಯಾನ್‌ಕೇಕಿನ, ಅಂದರೆ ಪಾಶ್ಚಾತ್ಯರ ಮೆತ್ತನೆಯ ಸಿಹಿ ದೋಸೆಯ, ಹಿಟ್ಟನ್ನು ಕಾವಲಿಯ ಮೇಲೆ ಹಿಂಡಿ ನವಿಲು, ಹುಲಿ, ರೈಲುಬಂಡಿ ಬಿಡಿಸುವುದನ್ನು ಅವರು ಮೊಬೈಲಿನಲ್ಲಿ ನೋಡಿರುತ್ತಾರೆ. ಬೇಸಿಗೆ ರಜೆಗೆ ಬಂದ ತಂಗಿಯ ಮಕ್ಕಳ ಬೇಡಿಕೆ ಸ್ಪಷ್ಟವಾಗಿತ್ತು: ದೊಡ್ಡವಳಿಗೆ ಗುಲಾಬಿ ಬಣ್ಣದ ಡೈನೋಸಾರ್, ಚಿಕ್ಕವನಿಗೆ ಜೆಸಿಬಿ. ಸೋದರಮಾವನ ಪದವಿಗೆ ಸಂಬಳವಿಲ್ಲ, ರಾಜೀನಾಮೆಗೂ ಅವಕಾಶವಿಲ್ಲ. ಸಾಸ್ ಮುಗಿದ ಮೆತ್ತನೆಯ ಪ್ಲಾಸ್ಟಿಕ್ ಸೀಸೆಗಳನ್ನು ಬಿಸಿನೀರಿನಲ್ಲಿ ತೊಳೆದು ಸಾಲಾಗಿ ನಿಲ್ಲಿಸಿದೆ.

ದೋಸೆ ಹಿಟ್ಟಿನಲ್ಲೇ ಯಾಕಾಗಬಾರದು ಎಂದು ಅಮ್ಮ ಕೇಳಿದಳು. ಕೇಳಬೇಕಾದ ಪ್ರಶ್ನೆಯೇ. ಆದರೆ ಚೆನ್ನಾಗಿ ಹುದುಗಿದ ಹಿಟ್ಟಿಗೆ ಗೆರೆಯ ಶಿಸ್ತಿಲ್ಲ. ಒಳಗೆ ತುಂಬಿಕೊಂಡ ಗಾಳಿ ಕಾವಲಿ ಮುಟ್ಟಿದ ಕೂಡಲೇ ಒಡೆದು ಹೊರಬರುತ್ತದೆ. ಎಲ್ಲರ ಮನೆ ದೋಸೆಯೂ ತೂತು ಎಂಬುದು ಸಂಸಾರದ ಮಟ್ಟಿಗೆ ಸಮಾಧಾನದ ಮಾತು. ಆನೆಯ ಮೈತುಂಬ ತೂತು ಬಿದ್ದರೆ ಆನೆಗೆ ಸಿಡುಬು ಎದ್ದಿದೆ ಎನ್ನುತ್ತಾರೆ. ಚಿತ್ರಕ್ಕೆ ಬೇಕಾದದ್ದು ಪ್ಯಾನ್‌ಕೇಕಿನ ಹಿಟ್ಟು: ಮೈದಾ, ಹಾಲು, ಸ್ವಲ್ಪ ಸಕ್ಕರೆ, ಚೂರು ಬೇಕಿಂಗ್ ಪೌಡರ್. ಪಾಶ್ಚಾತ್ಯರ ಅಡುಗೆಯಲ್ಲಿ ಮೊಟ್ಟೆಯೂ ಉಂಟು. ನಮ್ಮ ಅಡುಗೆಮನೆಯೊಳಗೆ ಅದಕ್ಕೆ ಪ್ರವೇಶವಿಲ್ಲದ ಕಾರಣ ಬಾಳೆಹಣ್ಣು ಕಿವುಚಿ ಹಾಕುತ್ತೇವೆ. ಹಾಕಿದ ಮೇಲೆ ಜರಡಿಯಲ್ಲಿ ಸೋಸಲೇಬೇಕು. ಬಾಳೆಹಣ್ಣಿನ ಒಂದು ಎಳೆ ಸಾಕು, ಸೀಸೆಯ ಮೂತಿ ಕಟ್ಟಿಕೊಂಡು, ಮುಂದಿನ ಸಲ ಹಿಂಡಿದಾಗ ಡೈನೋಸಾರಿನ ಕಣ್ಣು ಇರಬೇಕಾದ ಕಡೆ ಒಂದು ಕೆರೆ ನಿರ್ಮಾಣವಾಗುತ್ತದೆ. ಬೇಕಿಂಗ್ ಪೌಡರ್ ಕೂಡ ಹೇಳಿದ್ದಕ್ಕಿಂತ ಕಡಿಮೆ ಇರಲಿ. ಉಬ್ಬುವುದು ಪ್ಯಾನ್‌ಕೇಕಿಗೆ ಶೋಭೆ, ಗೆರೆಗೆ ಅಲ್ಲ.

ಇನ್ನೊಂದು ವಿಷಯದಲ್ಲಿ ನಮ್ಮ ಕೈಯ ರೂಢಿಯನ್ನೇ ಮರೆಯಬೇಕು. ಕಾವಲಿ ಕಂಡರೆ ಅರ್ಧ ಈರುಳ್ಳಿ ಎಣ್ಣೆಯಲ್ಲಿ ಅದ್ದಿ ಉಜ್ಜುವವರು ನಾವು. ಇಲ್ಲಿ ಎಣ್ಣೆ ಬಿದ್ದಲ್ಲೆಲ್ಲ ಮಚ್ಚೆ ಏಳುತ್ತದೆ. ಅಂಟದ ಲೇಪನದ ಒಣ ತವಾ, ಸಣ್ಣ ಉರಿ. ಕಾದ ತವಾದ ಮೇಲೆ ಚಿತ್ರ ಬಿಡಿಸಹೊರಟರೆ ಎರಡನೆಯ ಕಾಲು ಬರೆಯುವಷ್ಟರಲ್ಲಿ ಮೊದಲನೆಯದು ಸೀದಿರುತ್ತದೆ. ನಾನಂತೂ ಉರಿ ಆರಿಸಿ ಗೆರೆ ಎಳೆದು, ಆಮೇಲೆ ಒಲೆ ಹಚ್ಚುವ ಪಕ್ಷದವನು.

ಈ ಕಲೆಯ ಗುಟ್ಟು ಇರುವುದು ಗೆರೆಯಲ್ಲೇ. ರಂಗೋಲಿಯಲ್ಲಿ ಮಾಡುವಂತೆ ಮೊದಲು ಗೆರೆ, ಆಮೇಲೆ ಒಳಗಿನ ತುಂಬು. ಸಾಮ್ಯ ಅಲ್ಲಿಗೇ ಮುಗಿಯಿತು. ರಂಗೋಲಿಯಲ್ಲಿ ಗೆರೆಗೆ ಬೇರೆ ಪುಡಿ, ಬಣ್ಣಕ್ಕೆ ಬೇರೆ ಪುಡಿ. ಇಲ್ಲಿ ಒಂದೇ ಸೀಸೆಯ ಒಂದೇ ಹಿಟ್ಟು ಸಾಕು. ಮೊದಲು ಎಳೆದ ಗೆರೆ ತವಾದ ಮೇಲೆ ಹೆಚ್ಚು ಹೊತ್ತು ಕೂತು ಕಂದಾಗುತ್ತದೆ. ಅರ್ಧ ನಿಮಿಷ ಬಿಟ್ಟು ಹಾಕಿದ ನೆರಳು ಜೇನಿನ ಬಣ್ಣಕ್ಕೆ ನಿಲ್ಲುತ್ತದೆ. ಕೊನೆಗೆ ಮೇಲಿಂದ ಸುರಿದದ್ದು ಬೆಳ್ಳಗಿರುತ್ತದೆ. ಹಾಲಿನ ಪ್ರೋಟೀನೂ ಸಕ್ಕರೆಯೂ ಕಾವಿಗೆ ಕೂಡಿಕೊಂಡು ಕಂದಾಗುವ ಈ ಕ್ರಿಯೆಯನ್ನು ಲೂಯಿ ಕಮೀಲ್ ಮಯಾರ್ ಎಂಬ ಫ್ರೆಂಚ್ ರಸಾಯನ ವಿಜ್ಞಾನಿ 1912ರಲ್ಲಿ ವಿವರಿಸಿದ. ಸುಮಾರು 140 ಡಿಗ್ರಿ ದಾಟಿದರೆ ಅದು ಚುರುಕಾಗುತ್ತದೆ. ಬಣ್ಣದ ಹನಿಯೂ ಇಲ್ಲದೆ, ಬರೀ ಕಾಯಿಸುವ ಹೊತ್ತಿನ ಅಂತರದಲ್ಲಿ ಮೂರು ಛಾಯೆಯ ಒಂದು ಮುಖ ಮೂಡಿಸಬಹುದು. ನನ್ನನ್ನು ಕೇಳಿದರೆ ಅಸಲಿ ಕಲೆ ಅಷ್ಟೇ, ಉಳಿದದ್ದು ಜಾತ್ರೆ. ಮಕ್ಕಳು ನನ್ನನ್ನು ಕೇಳುವುದಿಲ್ಲ, ಅವರಿಗೆ ಜಾತ್ರೆಯೇ ಬೇಕು.

ಇನ್ನೊಂದು ತೊಡಕು: ನಾವು ಬರೆಯುವುದು ಚಿತ್ರದ ಬೆನ್ನನ್ನು. ಅದರ ಮುಖ ತವಾಕ್ಕೆ ಅಂಟಿಕೊಂಡು ಕೆಳಗಿರುತ್ತದೆ. ಮಗುಚುವವರೆಗೆ ಬಿಡಿಸಿದವನಿಗೂ ಅದರ ದರ್ಶನವಿಲ್ಲ. ಎಡಕ್ಕೆ ಸೊಂಡಿಲು ಚಾಚಿದ ಆನೆ ತಟ್ಟೆಗೆ ಬಿದ್ದಾಗ ಬಲಕ್ಕೆ ನೋಡುತ್ತದೆ. ಆನೆಗೆ ಅದರಿಂದ ನಷ್ಟವಿಲ್ಲ. ಅಕ್ಷರಕ್ಕೆ ಇದೆ. ಹುಟ್ಟುಹಬ್ಬದ ದಿನ ಹೆಸರು ಬರೆದುಕೊಡಿ ಎನ್ನುತ್ತಾರೆ, ಆಗ ಕನ್ನಡ ಲಿಪಿ ತನ್ನ ಬಿಗುವನ್ನು ತೋರಿಸುತ್ತದೆ. ಸೊನ್ನೆಯನ್ನು ಯಾವ ಕಡೆಯಿಂದ ನೋಡಿದರೂ ಸೊನ್ನೆಯೇ. ಉಳಿದವಕ್ಕೆಲ್ಲ ತಲೆಕಟ್ಟು ಎತ್ತ ಬಾಗಬೇಕು, ಕೊಂಬು ಎತ್ತ ತಿರುಗಬೇಕು, ಒತ್ತು ಎಲ್ಲಿ ನೇತಾಡಬೇಕು ಎಂಬ ಖಚಿತ ಅಭಿಪ್ರಾಯವಿದೆ. ಹೆಸರನ್ನು ತೆಳು ಕಾಗದದ ಮೇಲೆ ದಪ್ಪ ಪೆನ್ನಿನಲ್ಲಿ ಬರೆದು, ಕಿಟಕಿಗೆ ಹಿಡಿದು ಹಿಂಬದಿಯಿಂದ ನೋಡಿಕೊಂಡು ಬರೆಯುವುದೊಂದೇ ದಾರಿ. ಹೆಸರಿನಲ್ಲಿ ಎರಡು ಒತ್ತಕ್ಷರ ಇರುವ ಮಕ್ಕಳಿಗೆ ಅಡ್ಡಹೆಸರು ಇಟ್ಟುಕೊಳ್ಳುವುದು ಕ್ಷೇಮ.

ಇನ್ನು ಬಣ್ಣ. ಅಂಗಡಿಯ ಬಣ್ಣದ ಸೀಸೆಗಳನ್ನು ನಾನು ಮನೆಗೆ ತರುವುದಿಲ್ಲ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೂ ಕಾಟನ್ ಕ್ಯಾಂಡಿಗೂ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿದಾಗ, ಬಟ್ಟೆಗೆ ಹಾಕುವ ರೋಡಮಿನ್-ಬಿ ಜಾತ್ರೆಯ ಮಿಠಾಯಿಯಲ್ಲಿ ಇದ್ದುದನ್ನು ಊರೆಲ್ಲ ಓದಿತು. ಅನುಮತಿ ಇರುವ ಬಣ್ಣಗಳೂ ಇವೆ, ಒಪ್ಪುತ್ತೇನೆ. ಆದರೆ ಮನೆಯ ಬಣ್ಣಗಳ ಜೊತೆ ಜಗಳವಾಡುವುದರಲ್ಲಿ ಇರುವ ಸ್ವಾರಸ್ಯ ಸೀಸೆಯ ಬಣ್ಣದಲ್ಲಿ ಇಲ್ಲ.

ಮಾತು ಕೇಳುವುದರಲ್ಲಿ ಅರಿಶಿನ ಮೊದಲನೆಯದು. ಚಿಟಿಕೆ ಸಾಕು, ಜೆಸಿಬಿಯ ಹಳದಿ ಕಾರ್ಖಾನೆಯಿಂದ ಬಂದಷ್ಟೇ ಖಚಿತ. ಆದರೆ ಅದಕ್ಕೊಂದು ಹಳೆಯ ಚಾಳಿ ಇದೆ. ಆರತಿ ತಟ್ಟೆಗೆ ಓಕುಳಿ ಮಾಡುವಾಗ ಅರಿಶಿನದ ನೀರಿಗೆ ಸುಣ್ಣ ಕದಡಿದರೆ ಕೆಂಪೇರುತ್ತದಲ್ಲ, ಬೇಕಿಂಗ್ ಪೌಡರಿನೊಳಗಿನ ಸೋಡಾದ ಸಹವಾಸದಲ್ಲೂ ಅದು ಹಾಗೆಯೇ. ಹಿಟ್ಟಿನಲ್ಲಿ ಕರಗದೆ ಉಳಿದ ಸೋಡಾದ ಹರಳು ಸಿಕ್ಕಿದಲ್ಲೆಲ್ಲ ಅರಿಶಿನ ಕೆಂಪು ಚುಕ್ಕೆಯಾಯಿತು. ಜೆಸಿಬಿಯ ಬಕೆಟ್ಟಿನ ಮೇಲೆ ಅಂಥ ನಾಲ್ಕಾರು ಚುಕ್ಕೆ ಕಂಡ ಚಿಕ್ಕವನು ಬೆರಳಿಟ್ಟು ನೋಡಿ, “ತುಕ್ಕು ಹಿಡಿದಿದೆ, ಮಳೆಯಲ್ಲಿ ನಿಲ್ಲಿಸಿದ್ದಾರೆ” ಎಂದ. ಅವನ ಬೀದಿಯ ಜೆಸಿಬಿಯೂ ಮಳೆಯಲ್ಲೇ ನಿಲ್ಲುತ್ತದಂತೆ.

ಬೀಟ್‌ರೂಟ್ ಮೋಸಗಾರ. ಸೀಸೆಯಲ್ಲಿ ಮದುವೆ ಸೀರೆಯ ಗುಲಾಬಿ, ತವಾದ ಮೇಲೆ ಹಳೇ ಇಟ್ಟಿಗೆ. ಅದರ ಬಣ್ಣ ಕಾವು ತಾಳುವುದಿಲ್ಲ, ಸೋಡಾ ಸಹಿಸುವುದಿಲ್ಲ. ನಾಲ್ಕು ಹನಿ ನಿಂಬೆರಸ ಹಾಕಿ, ಉರಿಯನ್ನು ಇನ್ನೂ ತಗ್ಗಿಸಿ, ಎಲ್ಲಕ್ಕಿಂತ ಕೊನೆಗೆ ಸುರಿದರೆ ಮಾತ್ರ ಗುಲಾಬಿಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಪಾಲಕಿನ ಸ್ವಭಾವ ಇದಕ್ಕೆ ಉಲ್ಟಾ: ಹುಳಿ ಕಂಡರೆ ಮಂಕಾಗುತ್ತದೆ, ಸೋಡಾ ಕಂಡರೆ ಹಸಿರು ಇನ್ನಷ್ಟು ಏರುತ್ತದೆ. ದೋಸೆ ಹಿಟ್ಟಿಗೆ ಪಾಲಕ್ ರುಬ್ಬಿ ಹಾಕಿದಾಗ ಬರುವ ಆ ಕೊಳದ ಬಣ್ಣ ಪ್ಯಾನ್‌ಕೇಕಿನಲ್ಲಿ ಬರದಿರುವುದು ಇದಕ್ಕೇ. ಬೇಲಿಯ ಶಂಖಪುಷ್ಪವನ್ನು ಬಿಸಿ ಹಾಲಿಗೆ ಹಾಕಿಟ್ಟರೆ ಆಕಾಶದ ನೀಲಿ. ಅದಕ್ಕೆ ನಿಂಬೆ ಹಿಂಡಿದರೆ ಕಣ್ಣೆದುರೇ ನೇರಳೆ. ಇದನ್ನು ಮಕ್ಕಳು ಪ್ಯಾನ್‌ಕೇಕ್ ಮರೆತು ಮತ್ತೆ ಮತ್ತೆ ಮಾಡಿಸಿದರು, ಹಾಲು ಒಡೆಯುವವರೆಗೆ. ಕಪ್ಪು ಗೆರೆಗೆ ಕೋಕೋ ಪುಡಿ ಎನ್ನುತ್ತಾರೆ; ನಾನು ಹುರಿದ ರಾಗಿಹಿಟ್ಟು ಹಾಕುತ್ತೇನೆ. ಕಂದು ಗಟ್ಟಿಯಾಗಿ ಬರುತ್ತದೆ, ಘಮವೂ ನಮ್ಮದು.

ಹೊಸದಾಗಿ ಕಲಿಯುವವರಿಗೆ ನಾನು ಹೇಳುವ ಮೊದಲ ಚಿತ್ರ ರಾಜ್ಯೋತ್ಸವದ ಬಾವುಟ. ಮೇಲೆ ಅರಿಶಿನದ ಹಳದಿ, ಕೆಳಗೆ ಕುಂಕುಮದ ಕೆಂಪು, ಎರಡೇ ಪಟ್ಟೆ. ಬೆನ್ನು ಬರೆದರೂ ಮುಖ ಅದೇ, ಕನ್ನಡಿಯ ಕಾಟವಿಲ್ಲ. ಆ ಕೆಂಪಿಗೆ ಬೀಟ್‌ರೂಟನ್ನೇ ನಂಬಬೇಕೆಂಬುದೊಂದೇ ಚಿಂತೆ. ಆನಂತರ ದಸರೆಯ ಅಂಬಾರಿ ಆನೆ. ಅಂಬಾರಿಗೆ ಮೊದಲು ಅರಿಶಿನ, ಅದರ ಮೇಲೆ ಆನೆಯ ಮೈ. ಗೌರಿ ಗಣೇಶ ಹಬ್ಬಕ್ಕೆ ಗಣಪನನ್ನು ಬಿಡಿಸಹೋಗಬೇಡಿ. ಕಿವಿ ಮುರಿದು ಬಾಯಿಗೆ ಹಾಕಿಕೊಳ್ಳುವಾಗ ಮನೆಯ ಹಿರಿಯರು ಸುಮ್ಮನಿರುವುದಿಲ್ಲ. ಇಲಿ ಸಾಕು.

ಇಷ್ಟೆಲ್ಲ ಮಾಡುವವರಿಗೆ ನೆಂಟರು ಕೊಡುವ ಒಂದು ಸಮರ್ಥನೆ ಇದೆ, ಅದು ನನಗೆ ಕಿರಿಕಿರಿ: “ಒಳ್ಳೆಯದೇ ಬಿಡಿ, ಈ ನೆಪದಲ್ಲಾದರೂ ಮಕ್ಕಳ ಹೊಟ್ಟೆಗೆ ತರಕಾರಿ ಹೋಗುತ್ತದೆ.” ಎಷ್ಟು ಹೋಗುತ್ತದೆ? ಒಂದು ಡೈನೋಸಾರಿಗೆ ಬೀಳುವ ಬೀಟ್‌ರೂಟ್ ರಸ ಒಂದು ಚಮಚ. ಅದರ ಜೊತೆ ಮೈದಾ, ಸಕ್ಕರೆ. ಪೌಷ್ಟಿಕತೆಯ ಲೆಕ್ಕ ಬರೆದರೆ ಎರಡು ಚಮಚ ಕೋಸಂಬರಿ ಗೆಲ್ಲುತ್ತದೆ. ಮಕ್ಕಳಿಗೆ ಸಂಬಂಧಿಸಿದ ಯಾವ ಆಟಕ್ಕೂ ಒಂದು ಉಪಯೋಗದ ಚೀಟಿ ಅಂಟಿಸದಿದ್ದರೆ ನಮಗೆ ನಿದ್ದೆ ಬರುವುದಿಲ್ಲ. ಬಣ್ಣ ಗುರುತಿಸಲು ಕಲಿಯುತ್ತಾರೆ, ಕೈಬೆರಳುಗಳಿಗೆ ವ್ಯಾಯಾಮ, ಸೃಜನಶೀಲತೆ ಬೆಳೆಯುತ್ತದೆ... ಬೆಳೆದರೆ ಬೆಳೆಯಲಿ. ಒಂದು ಹೆಣ್ಣುಮಗು ಬೆಳಗ್ಗೆ ಎದ್ದು ಡೈನೋಸಾರ್ ತಿನ್ನಬೇಕೆಂದು ಆಸೆಪಟ್ಟಿತು ಎಂಬುದು ಕಾರಣವಾಗಿ ಸಾಲದೇ? ಮಿಗೆಲ್ ವ್ಯಾಲೆನ್‌ಜುವೆಲಾ ಎಂಬಾತ ತನ್ನ ಹೆಣ್ಣುಮಕ್ಕಳಿಗಾಗಿ ಲೆಗೊ ತುಂಡುಗಳನ್ನು ಜೋಡಿಸಿ ಪ್ಯಾನ್‌ಕೇಕ್ ಬಿಡಿಸುವ ಯಂತ್ರ ಮಾಡಿದ. ಅದರ ಸುಧಾರಿಸಿದ ರೂಪ 2015ರಲ್ಲಿ ಮಾರುಕಟ್ಟೆಗೆ ಬಂದಿತು. ಕಂಪ್ಯೂಟರಿನಲ್ಲಿ ಚಿತ್ರ ಕೊಟ್ಟರೆ ಅದೇ ಹಿಟ್ಟು ಸುರಿಯುತ್ತದೆ. ಆತನೂ ತರಕಾರಿಯ ಮಾತೆತ್ತಿರಲಾರ.

ಆ ಯಂತ್ರ ನನಗೆ ಬೇಡ. ಗೆರೆ ಖಂಡಿತ ನನಗಿಂತ ನೇರ ಬಂದೀತು. ಆದರೆ ಮಗುಚುವ ಮುಂಚಿನ ಆ ಎರಡು ನಿಮಿಷಗಳಲ್ಲಿ ಅಡುಗೆಮನೆಯಲ್ಲಿ ನಡೆಯುವ ವಾಗ್ವಾದವೇ ಈ ತಿಂಡಿಯ ಸಾರ. ಮೇಲ್ಭಾಗದಲ್ಲಿ ಗುಳ್ಳೆ ಎದ್ದು ಒಡೆದು ತೂತು ತೂತಾಗಿಯೇ ನಿಲ್ಲಬೇಕು, ಆಗ ಮಗುಚಬಹುದು. “ಈಗ?” “ಇನ್ನೂ ಇಲ್ಲ.” “ಬಾಲ ಸೀಯುತ್ತಿದೆ ಮಾಮ.” ಅಮ್ಮ ಹಿಂದಿನಿಂದ, “ಇಷ್ಟು ಹೊತ್ತಿನಲ್ಲಿ ನಾನು ನಾಲ್ಕು ಜನಕ್ಕೆ ದೋಸೆ ಹಾಕಿ ಚಟ್ನಿಗೆ ಒಗ್ಗರಣೆಯನ್ನೂ ಕೊಡುತ್ತಿದ್ದೆ” ಎನ್ನುತ್ತಾಳೆ, ಎನ್ನುತ್ತಲೇ ಬಗ್ಗಿ ನೋಡುತ್ತಾಳೆ. ಮಗುಚುವ ಹಕ್ಕು ಮಕ್ಕಳದು ಎಂಬುದು ನಮ್ಮ ಮನೆಯ ಕಾನೂನು; ಕೈ ಮಾತ್ರ ನನ್ನದೂ ಜೊತೆಗಿರುತ್ತದೆ. ತಟ್ಟೆಗೆ ಬಿದ್ದ ಮೇಲೆ ವಿಮರ್ಶೆ ಶುರು. ದೊಡ್ಡವಳಿಗೆ ಡೈನೋಸಾರುಗಳ ಬಗ್ಗೆ ನನಗಿಂತ ಹೆಚ್ಚು ಗೊತ್ತು. ಮುಂಗಾಲಿಗೆ ಬೆರಳು ಎಷ್ಟಿರಬೇಕೆಂದು ಹೇಳಿ, ಹೆಚ್ಚುವರಿ ಬೆರಳನ್ನು ಕಚ್ಚಿ ತಿದ್ದಿದಳು. ಚಿಕ್ಕವನು ಮೊದಲು ಚಕ್ರ ತಿಂದ, ಓಡಿಹೋಗದಿರಲೆಂದು.

ಕೊನೆಗೆ ಸೀಸೆಗಳ ತಳದಲ್ಲಿ ಹಳದಿ, ಹಸಿರು, ನೀಲಿ, ಗುಲಾಬಿ ಎಲ್ಲ ಸ್ವಲ್ಪ ಸ್ವಲ್ಪ ಉಳಿದಿರುತ್ತದೆ. ಚೆಲ್ಲಲು ಅಮ್ಮ ಬಿಡುವುದಿಲ್ಲ. ಎಲ್ಲವನ್ನೂ ಒಂದೇ ಪಾತ್ರೆಗೆ ಹಿಂಡಿ ಸೌಟಿನಲ್ಲಿ ದುಂಡಗೆ ಹುಯ್ದರೆ ಹೆಸರಿಲ್ಲದ ಒಂದು ಬಣ್ಣ ಬರುತ್ತದೆ. ಅದು ದೊಡ್ಡವರ ಪಾಲು. ಮಾವಿನಕಾಯಿ ಉಪ್ಪಿನಕಾಯಿ ಹಚ್ಚಿಕೊಂಡರೆ ಪರವಾಗಿಲ್ಲ.