ಸೋಯಾ ಸಾಸಿನ ಹೊಸ ಉಪಯೋಗ

ಚಿಕ್ಕಮಗಳೂರಿನಿಂದ ಗಿರಿಗೆ ಹೋಗುವ ದಾರಿಯಲ್ಲಿ ಒಂದು ಜಪಾನಿ ಹೋಟೆಲ್ ಶುರುವಾಗಿತ್ತು. ಪರಿಚಯದವರ ವಾಟ್ಸಾಪ್ ಸ್ಟೇಟಸ್ಸಿನಲ್ಲೆಲ್ಲ ಅದರದ್ದೇ ಕೆಂಪು ಕಮಾನು, ಕಾಗದದ ಲಾಟೀನು, ಚೆರ್ರಿ ಹೂವಿನ ಮರ. ಏನು ತಿಂದೆವು ಅಂತ ಮಾತ್ರ ಒಬ್ಬರೂ ಹಾಕಿರಲಿಲ್ಲ.

ಜುಲೈ ಮಳೆಯಲ್ಲಿ ನಾವೂ ಹೋದೆವು. ನಿಜ ಹೇಳಬೇಕು, ಕಣ್ಣಿಗೆ ಹಬ್ಬವೇ. ಜಪಾನಿನಲ್ಲಿ ಆ ಕೆಂಪು ಕಮಾನು ಶಿಂಟೋ ಗುಡಿಗಳ ಮುಂದೆ ಇರುವಂಥದ್ದು. ಇಲ್ಲಿ ಅದರ ಕೆಳಗೆ ಸೆಲ್ಫಿಗೆ ಸಾಲು. ಚೆರ್ರಿ ಹೂವು ಅಲ್ಲಿ ವಾರ, ಹತ್ತು ದಿನದಲ್ಲಿ ಉದುರಿಹೋಗುತ್ತದೆ. ನಮ್ಮ ಕಾಫಿ ಹೂವಿನ ಆಯಸ್ಸು ಇನ್ನೂ ಕಡಿಮೆ. ಈ ಮರವೋ, ಮಲೆನಾಡಿನ ಮಳೆಗೂ ಜಗ್ಗದೆ ಅರಳಿ ನಿಂತಿತ್ತು. ಪ್ಲಾಸ್ಟಿಕ್ಕಿನ ಮಹಿಮೆ.

ಚಪ್ಪಲಿ, ಶೂ ಹೊರಗೆ ಬಿಟ್ಟು ಚಾಪೆ ಮೇಲೆ ಕೂರಬೇಕು. ಜಪಾನಿನ ಎಷ್ಟೋ ಹೋಟೆಲುಗಳಲ್ಲಿ ಗಿಡ್ಡ ಮೇಜಿನ ಕೆಳಗೆ ಕಾಲು ಇಳಿಬಿಡಲು ಗುಂಡಿ ಇರುತ್ತದೆ. ಇಲ್ಲಿ ಇರಲಿಲ್ಲ. ಗುಂಡಿಗಳನ್ನೆಲ್ಲ ಬರುವ ರಸ್ತೆಗೇ ಕೊಟ್ಟುಬಿಟ್ಟಿದ್ದರು ಅಂತ ಕಾಣುತ್ತದೆ. ಮಂಡಿ ನೋವಿನ ಗೆಳೆಯ ಗೋಡೆ ಹಿಡಿದು, ರಾಮಾ ಅಂತ ಕೂತ.

ಸುಶಿ ಬಂತು, ಒಂದು ಬಟ್ಟಲು ಅನ್ನ ಬಂತು. ಗೆಳತಿ ಯಾರನ್ನೂ ಮುಟ್ಟಲು ಬಿಡಲಿಲ್ಲ. ಫೋಟೋ ಆಗಬೇಕಲ್ವಾ? ಎರಡೂ ಕೈಯಲ್ಲಿ ಫೋನ್ ಹಿಡಿಯಬೇಕೆಂದು ತಿನ್ನುವ ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟಗೆ ಊರಿದಳು. ಬಡಿಸುವ ಹುಡುಗ ಓಡಿ ಬಂದ.

"ಹಾಗೆ ನಿಲ್ಲಿಸಬಾರದು ಮೇಡಂ. ಜಪಾನಲ್ಲಿ ಸತ್ತವರಿಗೆ ಹಾಗೆ ಇಡ್ತಾರೆ."

"ಹಾಗಾದ್ರೆ ಕಾಗೆ ಯಾವಾಗ ಬರತ್ತೆ?" ಅಂದ ಮಂಡಿ ನೋವಿನವನು.

ಕಾಗೆ ಬರಲಿಲ್ಲ. ಬಂದದ್ದು ಇಂಬಳ.

ನಮ್ಮಲ್ಲೊಬ್ಬ ನೇರ ತೋಟದಿಂದಲೇ ಬಂದಿದ್ದ. ಶೂ ಬಿಟ್ಟಿದ್ದ, ಸಾಕ್ಸ್ ಬಿಟ್ಟಿರಲಿಲ್ಲ. ಇಂಬಳ ಕಚ್ಚಿದರೆ ನೋಯುವುದಿಲ್ಲ. ಅದರ ಎಂಜಲು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ. ಹಾಗಾಗಿ ಬಿಳಿ ಸಾಕ್ಸ್ ಕೆಂಪಾಗುವ ತನಕ ಅವನಿಗೆ ಸುದ್ದಿಯೇ ಇಲ್ಲ. ಸಾಕ್ಸ್ ಎಳೆದರೆ, ಕಾಲ್ಬೆರಳಿನ ಸಂದಿಯಲ್ಲಿ ಹೊಟ್ಟೆ ತುಂಬಿದ ಜೀವ. ನಮ್ಮ ಮೇಜಿನಲ್ಲಿ ಊಟ ಆಗಿದ್ದು ಅದೊಂದಕ್ಕೇ.

ಪಕ್ಕದ ಮೇಜಿನ ಬೆಂಗಳೂರಿನವರು ಕಿರುಚಿಕೊಂಡು ಎದ್ದರು. ಗೆಳತಿ ಮಾತ್ರ ಫೋಟೋ ತೆಗೆಯುತ್ತಲೇ ಇದ್ದಳು. ಸುಣ್ಣ ಇದೆಯಾ, ಹೊಗೆಸೊಪ್ಪು ಇದೆಯಾ ಅಂತ ನಾವು ಕೂಗಿದೆವು. ಜಪಾನಿ ಹೋಟೆಲಿನಲ್ಲಿ ಅದೆಲ್ಲ ಎಲ್ಲಿಂದ ಬರಬೇಕು? ಹುಡುಗ ಒಂಚೂರೂ ಗಾಬರಿಯಾಗಲಿಲ್ಲ. ಸೋಯಾ ಸಾಸಿನ ಬಟ್ಟಲು ಎತ್ತಿ ಇಂಬಳದ ತಲೆ ಮೇಲೆ ಸುರಿದ. ಉಪ್ಪೇ ಉಪ್ಪು ಅಲ್ವಾ, ತಟಕ್ಕನೆ ಉದುರಿತು.

"ಎಲ್ಲಿ ಕಲಿತೆ ಮಾರಾಯ?"

"ನಾನು ಕೊಪ್ಪದವನು ಸರ್."

ಗಾಯಕ್ಕೆ ಅಲ್ಲಿಯ ಬಿಸಿ ಟವೆಲ್ಲನ್ನೇ ಕಟ್ಟಿದೆವು. ಚಾಪೆ ತೊಳೆದದ್ದಕ್ಕೆ ದುಡ್ಡು ಹಾಕುತ್ತಾರೇನೋ ಅಂತ ಬಿಲ್ಲನ್ನು ಸಾಲುಸಾಲಾಗಿ ನೋಡಿದೆವು. ಅದು ಇರಲಿಲ್ಲ. ಕೆಳಗೆ 'ಎಕ್ಸ್‌ಟ್ರಾ ಸೋಯಾ ಸಾಸ್' ಅಂತ ಇತ್ತು. ಮಂಡಿ ನೋವಿನವನು ಬಿಲ್ಲನ್ನು ತೋಟದವನ ಕಡೆ ತಳ್ಳಿದ. "ನಿನ್ನ ಕಡೆಯವರು ತಿಂದಿದ್ದು. ನೀನೇ ಕೊಡು."