ಫ್ಲಾಪಿ ಹೋಗಲಿ, ಅದರೊಳಗಿನ ಕನ್ನಡ ಉಳಿಯಬೇಕು

ಕಡತ ಹೊತ್ತೊಯ್ಯುತ್ತಿದ್ದ ಚಪ್ಪಟೆ ಡಿಸ್ಕುಗಳನ್ನು ಓದುವ ಫ್ಲಾಪಿ ಡ್ರೈವನ್ನು ಕಂಪ್ಯೂಟರಿನಿಂದ ತೆಗೆದದ್ದು ತಪ್ಪು ಎನ್ನುವವರ ಸಾಲಿನಲ್ಲಿ ನಾನಿಲ್ಲ. ಅದು ಇನ್ನೂ ಮೊದಲೇ ಹೋಗಬೇಕಿತ್ತು. ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಅಚ್ಚಿಗೆ ಪುಟ ಕಟ್ಟುವ ಕೆಲಸ ಮಾಡಿ ಬದುಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆಯಲ್ಲಿ ಪುಟ ಕಟ್ಟಿ, ಫ್ಲಾಪಿಗೆ ಹಾಕಿಕೊಂಡು, ಬಸ್ಸು ಹತ್ತಿ ಮುದ್ರಣಾಲಯ ತಲುಪಿದರೆ ಅಲ್ಲಿನ ಡ್ರೈವ್ ಒಂದಷ್ಟು ಹೊತ್ತು ಕರಕರ ಸದ್ದು ಮಾಡಿ ಕೈಚೆಲ್ಲುತ್ತಿತ್ತು. ಅದಕ್ಕೇ ಒಂದೇ ಕಡತವನ್ನು ಎರಡೆರಡು ಫ್ಲಾಪಿಗೆ ಹಾಕಿಕೊಳ್ಳುತ್ತಿದ್ದೆವು. ಚಿತ್ರಗಳಿರುವ ಪುಟವಾದರೆ 1.44 ಎಂಬಿ ಎಲ್ಲಿಗೂ ಸಾಲುತ್ತಿರಲಿಲ್ಲ. ಜಿಪ್ ಮಾಡಿ, ತುಂಡರಿಸಿ, ನಾಲ್ಕಾರು ಫ್ಲಾಪಿಗೆ ಹಂಚಬೇಕು. ಅದರಲ್ಲಿ ಒಂದು ಕೆಟ್ಟರೂ ಇಡೀ ರಾತ್ರಿಯ ಕೆಲಸ ಮಣ್ಣುಪಾಲು.

1998ರಲ್ಲಿ ಆಪಲ್ ಕಂಪನಿ ಫ್ಲಾಪಿ ಡ್ರೈವ್ ಇಲ್ಲದ ಐಮ್ಯಾಕ್ ಹೊರತಂದಾಗ ದೊಡ್ಡ ಗದ್ದಲವೆದ್ದಿತು. ಹಳೆಯ ಸೀರಿಯಲ್ ಪೋರ್ಟ್, ಸ್ಕಸಿ ಎಂಬ ಜೋಡಣೆ ಕಿಂಡಿಗಳೆಲ್ಲವನ್ನೂ ಕಿತ್ತು ಆ ಜಾಗದಲ್ಲಿ ಯುಎಸ್‌ಬಿ ಇಟ್ಟಿದ್ದರು. ಪೆನ್‌ಡ್ರೈವ್ ಆಗಿನ್ನೂ ಮಾರುಕಟ್ಟೆಗೆ ಬಂದಿರಲಿಲ್ಲ, ಆ ಯಂತ್ರದಲ್ಲಿ ಸಿಡಿ ಬರೆಯುವ ಸೌಲಭ್ಯವೂ ಇರಲಿಲ್ಲ. ಆದ್ದರಿಂದ ಸಿಟ್ಟಿಗೆದ್ದವರ ಮಾತಿನಲ್ಲಿ ನ್ಯಾಯವಿತ್ತು. ಆದರೂ ಯಾರಾದರೊಬ್ಬರು ಮೊದಲು ಬಾಗಿಲು ಮುಚ್ಚದಿದ್ದರೆ ಯುಎಸ್‌ಬಿ ಕೀಬೋರ್ಡು, ಪ್ರಿಂಟರು ಮಾಡುವವರು ಮುಂದೆ ಬರುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ. ಪಿಸಿ ತಯಾರಕರು ಮಾತ್ರ ಮೀನಮೇಷ ಎಣಿಸುತ್ತಲೇ ಇದ್ದರು. ಡೆಲ್ ಕಂಪನಿ ತನ್ನ ಕೆಲವು ಡೆಸ್ಕ್‌ಟಾಪ್‌ಗಳಲ್ಲಿ ಫ್ಲಾಪಿಯನ್ನು ಕೈಬಿಟ್ಟದ್ದು 2003ರಲ್ಲಿ. ವಿಂಡೋಸ್ ಎಕ್ಸ್‌ಪಿ ಹಾಕುವಾಗ ಅದು ಗುರುತಿಸದ ಸಾಟಾ ಎಂಬ ಹೊಸ ಬಗೆಯ ಹಾರ್ಡ್ ಡಿಸ್ಕಿಗೆ ಎಫ್6 ಕೀಲಿ ಒತ್ತಿ, ಅದನ್ನು ನಡೆಸುವ ಡ್ರೈವರ್ ತಂತ್ರಾಂಶವನ್ನು ಫ್ಲಾಪಿಯಿಂದಲೇ ಕೊಡಬೇಕಿತ್ತು. ಆ ಒಂದು ಕಾರಣಕ್ಕೆ ಎಷ್ಟೋ ಹೊಸ ಸಿಪಿಯು ಡಬ್ಬಗಳಿಗೆ ಫ್ಲಾಪಿ ಡ್ರೈವ್ ಕೂರಿಸುತ್ತಿದ್ದರು. ಮೂರೂವರೆ ಇಂಚಿನ ಫ್ಲಾಪಿಯನ್ನು ಲೋಕಕ್ಕೆ ಕೊಟ್ಟ ಸೋನಿ ಕಂಪನಿ ಜಪಾನಿನಲ್ಲಿ ಅದರ ಮಾರಾಟ ನಿಲ್ಲಿಸಿದ್ದು 2011ರಲ್ಲಿ. ಅಲ್ಲಿನ ಸರ್ಕಾರವಂತೂ ಫ್ಲಾಪಿಯಂಥ ಮಾಧ್ಯಮದಲ್ಲಿಯೇ ದಾಖಲೆ ಕೊಡಬೇಕೆನ್ನುವ ಸಾವಿರಕ್ಕೂ ಹೆಚ್ಚು ನಿಯಮಗಳನ್ನು ತೆಗೆದುಹಾಕಿ ಮುಗಿಸುವಷ್ಟರಲ್ಲಿ 2024 ಬಂದಿತ್ತು.

ಉಳಿದವುಗಳ ಕಥೆಯೂ ಹೀಗೆಯೇ. ಕಾರ್ಡುಗಳನ್ನು ಕೂರಿಸುವ ಐಎಸ್‌ಎ ಸ್ಲಾಟ್ ಹೋಯಿತು. 2006ರ ಹೊತ್ತಿಗೆ ಇಂಟೆಲ್‌ನ ಹೊಸ ಚಿಪ್‌ಸೆಟ್‌ಗಳಲ್ಲಿ ಹಳೆಯ ಹಾರ್ಡ್ ಡಿಸ್ಕುಗಳನ್ನು ಜೋಡಿಸುವ ಐಡಿಇ ಇಲ್ಲವಾಯಿತು. ಪ್ರಿಂಟರ್ ಸಿಕ್ಕಿಸುವ ಪ್ಯಾರಲಲ್ ಪೋರ್ಟ್, ಸೀರಿಯಲ್ ಪೋರ್ಟ್ ಒಂದೊಂದಾಗಿ ಹಿಂದೆ ಸರಿದವು. ಒಳ್ಳೆಯದೇ ಆಯಿತು. ಕಾರ್ಡಿನ ಮೇಲಿನ ಜಂಪರ್ ಎಂಬ ಪುಟ್ಟ ತುಣುಕುಗಳನ್ನು ಕಿತ್ತು ಕೂರಿಸುತ್ತಾ, ಯಾವ ಐಆರ್‌ಕ್ಯೂ (ಪ್ರೊಸೆಸರನ್ನು ಕರೆಯಲು ಕಾರ್ಡಿಗೆ ಕೊಡುವ ಸಂಖ್ಯೆ) ಯಾವುದಕ್ಕೆ ಡಿಕ್ಕಿ ಹೊಡೆಯುತ್ತಿದೆ ಎಂದು ಗಂಟೆಗಟ್ಟಲೆ ಹುಡುಕಿದ ಯಾರೂ ಆ ಕಾಲ ಮರಳಿ ಬರಲಿ ಎನ್ನಲಾರರು.

ನನ್ನ ಸಂಕಟ ಬೇರೆಯದು. ಡೆಸ್ಕ್‌ಟಾಪ್ ತಯಾರಿಸುವವರು ಪೋರ್ಟ್ ತೆಗೆಯುವಾಗ ತಮ್ಮ ಬದಿಯ ಲೆಕ್ಕವನ್ನಷ್ಟೇ ಹಾಕುತ್ತಾರೆ. ವೈರಿನ ಆಚೆ ತುದಿಯಲ್ಲಿ ಏನಿದೆ ಎಂದು ನೋಡಬೇಕಾದವರು ನಾವು. ಪೀಣ್ಯದ ವರ್ಕ್‌ಶಾಪ್‌ಗಳಲ್ಲಿ ಇದು ಚೆನ್ನಾಗಿ ಗೊತ್ತು. ಕಂಪ್ಯೂಟರ್ ಐದಾರು ವರ್ಷಕ್ಕೆ ಬದಲಾಗುತ್ತದೆ, ಸೀರಿಯಲ್ ಪೋರ್ಟಿನ ಆರ್‌ಎಸ್‌-232 ಕೇಬಲ್‌ನಲ್ಲಿ ಪ್ರೋಗ್ರಾಮ್ ಪಡೆದು ಲೋಹ ಕತ್ತರಿಸುವ ಸಿಎನ್‌ಸಿ ಯಂತ್ರ ಇಪ್ಪತ್ತು ವರ್ಷ ದುಡಿಯುತ್ತದೆ. ಅಲ್ಲಿ ಹಣದ ಪ್ರಶ್ನೆಯಿದೆ, ಹಾಗಾಗಿ ಯುಎಸ್‌ಬಿ ಪರಿವರ್ತಕವನ್ನೋ ಹೊಸ ಕಾರ್ಡನ್ನೋ ಹಾಕಿ ದಾರಿ ಮಾಡಿಕೊಂಡರು. ಕನ್ನಡದ ಅಕ್ಷರಲೋಕದಲ್ಲಿ ಆ ಒತ್ತಡವೇ ಇರಲಿಲ್ಲ.

ವಿಂಡೋಸ್‌ಗೂ ಮೊದಲಿನ ಡಾಸ್ ಕಾಲದಲ್ಲಿ ಪರದೆಯ ಮೇಲೆ ಕನ್ನಡ ಮೂಡಿಸಲು ಕೇಂದ್ರ ಸರ್ಕಾರದ ಸಿ-ಡ್ಯಾಕ್ ಸಂಸ್ಥೆಯ ಜಿಸ್ಟ್ ಕಾರ್ಡ್ ಬೇಕಿತ್ತು. ಭಾರತೀಯ ಲಿಪಿಗಳಿಗಾಗಿಯೇ ಮಾಡಿದ ಆ ಕಾರ್ಡನ್ನು ಐಎಸ್‌ಎ ಸ್ಲಾಟಿಗೆ ಕೂರಿಸುತ್ತಿದ್ದರು. ಸ್ಲಾಟ್ ಹೋಯಿತು, ಕಾರ್ಡೂ ಹೋಯಿತು. ಆಮೇಲೆ ವಿಂಡೋಸ್ ಬಂತು. ಶ್ರೀಲಿಪಿ, ಆಕೃತಿ, ಪ್ರಕಾಶಕ ಬಂದವು. ಇಂಥ ತಂತ್ರಾಂಶಗಳನ್ನು ಕೊಂಡವರಿಗೆ ಒಂದು ಹಾರ್ಡ್‌ವೇರ್ ಲಾಕ್ ಕೊಡುವುದು ವಾಡಿಕೆಯಾಗಿತ್ತು. ನಾವು ಅದನ್ನು ಡಾಂಗಲ್ ಎನ್ನುತ್ತಿದ್ದೆವು. ಸಿಪಿಯು ಹಿಂಬದಿಯ ಪ್ರಿಂಟರ್ ಪೋರ್ಟಿಗೆ ಅದನ್ನು ಸಿಕ್ಕಿಸಿ, ಅದರ ಬೆನ್ನಿಗೆ ಪ್ರಿಂಟರ್ ಕೇಬಲ್ ಹಾಕಬೇಕು. ಡಾಂಗಲ್ ಇಲ್ಲದಿದ್ದರೆ ತಂತ್ರಾಂಶ ತೆರೆಯದು. ಈಗಿನ ಕಂಪ್ಯೂಟರುಗಳಲ್ಲಿ ಆ ಪೋರ್ಟೇ ಇಲ್ಲ. ಯುಎಸ್‌ಬಿಯಿಂದ ಪ್ಯಾರಲಲ್‌ಗೆ ಬದಲಿಸುವ ಕೇಬಲ್ ಸಿಗುತ್ತದೆ ನಿಜ, ಆದರೆ ಅದು ಪ್ರಿಂಟರಿಗೆಂದೇ ಮಾಡಿದ್ದು, ಡಾಂಗಲ್ಲನ್ನು ಸಾಮಾನ್ಯವಾಗಿ ಗುರುತಿಸುವುದಿಲ್ಲ. ಹಣ ಕೊಟ್ಟು, ರಸೀದಿ ಪಡೆದು ಕೊಂಡವರ ತಂತ್ರಾಂಶವೇ ಹೀಗೆ ನಿರುಪಯೋಗಿಯಾಯಿತು. ಇದು ನನಗೆ ಅನ್ಯಾಯವೆಂದೇ ಕಾಣುತ್ತದೆ.

ಅಲ್ಲಿಗೂ ಮುಗಿಯಲಿಲ್ಲ. ಎಲ್ಲ ಲಿಪಿಗಳ ಅಕ್ಷರಕ್ಕೂ ಒಂದೊಂದು ನಿಶ್ಚಿತ ಸಂಖ್ಯೆ ಕೊಡುವ ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದ್ದರೂ ನಮ್ಮ ಡಿಟಿಪಿ ಅದನ್ನು ಬಹುಕಾಲ ಮುಟ್ಟಲಿಲ್ಲ. ಅಕ್ಷರಗಳ ಗುಪ್ತಸಂಖ್ಯೆ ಶ್ರೀಲಿಪಿಯದೊಂದು, ಆಕೃತಿಯದೊಂದು, ನುಡಿ, ಬರಹ ಎಂಬ ತಂತ್ರಾಂಶಗಳದೊಂದು. ಫ್ಲಾಪಿಯಿಂದ ಕಡತವನ್ನು ಹೇಗೋ ಹೊರತೆಗೆದರೂ ಸರಿಯಾದ ಫಾಂಟ್ ಇಲ್ಲದಿದ್ದರೆ ಕಾಣುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಪುಟ ಕಟ್ಟಿದ್ದು ಪೇಜ್‌ಮೇಕರ್ ಎಂಬ ತಂತ್ರಾಂಶದಲ್ಲಿ, ಅದರ 7.0 ಆವೃತ್ತಿ ಬಂದದ್ದು 2001ರಲ್ಲಿ, ಅದೇ ಕೊನೆಯದು. ಡ್ರೈವ್, ಡಾಂಗಲ್, ಫಾಂಟ್, ತಂತ್ರಾಂಶ ಎಂಬ ನಾಲ್ಕು ಬೀಗ ಒಂದೇ ಪೆಟ್ಟಿಗೆಗೆ ಬಿದ್ದಿವೆ, ಕೀಲಿಗಳು ಬೇರೆಬೇರೆ ಮನೆಗಳಲ್ಲಿವೆ.

‘ಪುಸ್ತಕ ಅಚ್ಚಾಗಿದೆಯಲ್ಲ, ಸ್ಕ್ಯಾನ್ ಮಾಡಿದರಾಯಿತು’ ಎಂದು ಗೆಳೆಯರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಹಳೆಯ ಅಚ್ಚಿನ ಕನ್ನಡವನ್ನು ಯಂತ್ರದಿಂದ ಓದಿಸಿದರೆ ಒತ್ತಕ್ಷರಗಳು ಕಲಸುಮೇಲೋಗರವಾಗುತ್ತವೆ, ಮತ್ತೆ ಪುಟಪುಟವನ್ನೂ ಮನುಷ್ಯರೇ ತಿದ್ದಬೇಕು. ಫ್ಲಾಪಿಯಲ್ಲಿ ಇರುವುದು ಕರಡು ತಿದ್ದುವವರು ಕಣ್ಣು ಸವೆಸಿ ಒಪ್ಪ ಮಾಡಿದ ಪಠ್ಯ. ಆ ದುಡಿಮೆಗೆ ಅವರಿಗೆ ಸಿಕ್ಕ ಸಂಭಾವನೆ ಅಷ್ಟಕ್ಕಷ್ಟೆ. ಅದನ್ನು ಎಸೆದು ಇನ್ನೊಮ್ಮೆ ಮಾಡಿಸುವುದು ಆ ಜನರಿಗೆ ಮಾಡುವ ಅವಮಾನ. ಮೇಲಾಗಿ ಅಚ್ಚಾಗದೆ ಉಳಿದದ್ದೆಷ್ಟೋ ಇದೆ. ನಿಂತುಹೋದ ಸಣ್ಣ ಪತ್ರಿಕೆಯೊಂದರ ಮನೆಯಲ್ಲಿ ಅಟ್ಟದಿಂದ ಇಳಿಸಿದ ಫ್ಲಾಪಿ ಪೆಟ್ಟಿಗೆಯನ್ನು ನೋಡಿದ್ದೇನೆ. ಲೇಬಲ್ಲುಗಳ ಮೇಲೆ ಸಂಪಾದಕರ ಕೈಬರಹದಲ್ಲಿ ಸಂಚಿಕೆಯ ತಿಂಗಳು, ಲೇಖಕರ ಹೆಸರು, ಕೆಲವದರ ಮೇಲೆ ‘ಮುಂದಿನ ಸಂಚಿಕೆಗೆ’ ಎಂಬ ಟಿಪ್ಪಣಿ. ಆ ಮುಂದಿನ ಸಂಚಿಕೆ ಬರಲೇ ಇಲ್ಲ. ಹಲವು ಫ್ಲಾಪಿಗಳು ಓದಿಕೊಂಡವು, ಕೆಲವು ಓದಿಕೊಳ್ಳಲಿಲ್ಲ. ಓದಿಕೊಳ್ಳದ ಪ್ರತಿಯೊಂದಕ್ಕೂ ನನಗೆ ಹೊಟ್ಟೆ ಉರಿಯಿತು.

ಈ ಕೆಲಸವನ್ನು ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳು, ಅಕಾಡೆಮಿಗಳು, ಪುಸ್ತಕ ಪ್ರಾಧಿಕಾರ ಈಗಲೇ ಕೈಗೆತ್ತಿಕೊಳ್ಳಬೇಕು. ದೊಡ್ಡ ಯೋಜನೆ, ಸಮಿತಿ ಏನೂ ಬೇಡ. ಪ್ಯಾರಲಲ್ ಪೋರ್ಟ್ ಇರುವ, ಎಕ್ಸ್‌ಪಿ ಓಡುವ ಹಳೆಯ ಕಂಪ್ಯೂಟರ್ ಒಂದು, ಚಾಲ್ತಿಯಲ್ಲಿರುವ ಡಾಂಗಲ್‌ಗಳು, ಆ ಕಾಲದ ಡಿಟಿಪಿ ಬಲ್ಲ ಇಬ್ಬರು. ಆ ಬಲ್ಲವರಿಗೆ ಈಗ ವಯಸ್ಸಾಗಿದೆ, ಅದಕ್ಕೇ ಅವಸರ. ಆ ತಂತ್ರಾಂಶಗಳ ಹಕ್ಕುದಾರರೂ ಹಳೆಯ ಆವೃತ್ತಿಗಳ ಬೀಗ ತೆರೆದುಕೊಟ್ಟರೆ ಅವರಿಗೆ ನಷ್ಟವೇನೂ ಇಲ್ಲ.

ನಿಮ್ಮ ಮನೆಯಲ್ಲೇ ಫ್ಲಾಪಿಗಳಿದ್ದರೆ ದಯವಿಟ್ಟು ಹಳೆಯ ಸಾಮಾನಿನವರಿಗೆ ಹಾಕಬೇಡಿ. ಮೂರೂವರೆ ಇಂಚಿನದಾದರೆ ಯುಎಸ್‌ಬಿ ಫ್ಲಾಪಿ ಡ್ರೈವ್ ಈಗಲೂ ಆನ್‌ಲೈನಿನಲ್ಲಿ ಸಿಗುತ್ತದೆ. ಐದೂಕಾಲು ಇಂಚಿನದಕ್ಕೆ ಅದು ಆಗದು; ಆ ಕಾಲದ ಡ್ರೈವ್ ಹುಡುಕಿ, ಗ್ರೀಸ್‌ವೀಜಲ್ ಎಂಬ ಪುಟ್ಟ ಬೋರ್ಡಿನ ಮೂಲಕ ಯುಎಸ್‌ಬಿಗೆ ಜೋಡಿಸಬೇಕು. ಡ್ರೈವಿಗೆ ಹಾಕುವ ಮೊದಲು, ಮೂರೂವರೆ ಇಂಚಿನದಾದರೆ ಲೋಹದ ಮುಚ್ಚಳ ಸರಿಸಿ, ಡಿಸ್ಕ್ ನೋಡಿ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಬೂಸಲು ಹಿಡಿದಿರುವ ಸಾಧ್ಯತೆ ಹೆಚ್ಚು. ಅಂಥದ್ದನ್ನು ಹಾಗೆಯೇ ಹಾಕಿದರೆ ಡ್ರೈವಿನ ಹೆಡ್ ಕೊಳೆಯಾಗಿ ಮುಂದಿನ ಫ್ಲಾಪಿಯೂ ಹಾಳಾಗುತ್ತದೆ. ಮೂರೂವರೆ ಇಂಚಿನ ಫ್ಲಾಪಿಯ ಮೂಲೆಯ ಪುಟ್ಟ ಗುಂಡಿಯನ್ನು ಸರಿಸಿ ಕಿಂಡಿ ತೆರೆದಿಡಿ, ಆಗ ಅದರ ಮೇಲೆ ಏನನ್ನೂ ಬರೆಯಲಾಗದು. ವಿಂಡೋಸ್ ‘ಫಾರ್ಮ್ಯಾಟ್ ಮಾಡಲೇ’ ಎಂದು ಕೇಳಿದರೆ ಬೇಡ ಎನ್ನಿ. ಅಕ್ಷರ ಕಾಣದಿದ್ದರೂ ಕಡತಗಳನ್ನು ಇದ್ದಂತೆಯೇ ನಕಲು ಮಾಡಿಟ್ಟುಕೊಳ್ಳಿ, ಜೊತೆಗೆ ಯಾವ ತಂತ್ರಾಂಶ, ಯಾವ ಫಾಂಟ್ ಬಳಸಿದ್ದಿರಿ ಎಂದು ನೆನಪಿದ್ದಷ್ಟನ್ನು ಬರೆದಿಡಿ. ನುಡಿ, ಬರಹ, ಶ್ರೀಲಿಪಿಗಳಿಂದ ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ, ಆ ಕೆಲಸ ಆಮೇಲೆ ಆದೀತು. ಹಳೆಯ ಡಾಂಗಲ್ ಇಟ್ಟುಕೊಂಡಿರುವವರು ಕಾಮೆಂಟಿನಲ್ಲಿ ತಿಳಿಸಿ. ಯಾವ ಊರು, ಯಾವ ತಂತ್ರಾಂಶದ್ದು ಎಂದು ಬರೆದರೆ ಸಾಕು, ಫ್ಲಾಪಿ ಇರುವವರನ್ನೂ ನಿಮ್ಮನ್ನೂ ಸೇರಿಸುವ ಹೊಣೆ ನನ್ನದು.