ಬಾಯಿಯ ಬಿಳಿ ಪೊರೆಗೆ ಜೇನು-ಅರಿಶಿನ ಸಾಕೇ?

ಮುಂಬೈಯ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪುಗಳಿಗೂ ಆಗಾಗ ಬರುವ ಸಂದೇಶ: ಎಚ್‌ಐವಿ ಇರುವವರ ಬಾಯಲ್ಲಿ ಬಿಳಿ ಪೊರೆ ಕಂಡರೆ ಉಜ್ಜಿ ತೆಗೆದು ಜೇನು-ಅರಿಶಿನ ಹಚ್ಚಿ, ಮಾತ್ರೆ ಬೇಡ. ಕಳಿಸುವವರದು ಕಾಳಜಿಯೇ. ಆದರೆ ಸಲಹೆ ತಪ್ಪು.

ಇದು ಕ್ಯಾಂಡಿಡಾ ಎಂಬ ಶಿಲೀಂಧ್ರದ ಸೋಂಕು, ಥ್ರಷ್. ಪೊರೆ ಉಜ್ಜಿದರೆ ಕೆಳಗಿನ ಕೆಂಪು ಚರ್ಮ ಕಿತ್ತು ರಕ್ತ ಬರಬಹುದು, ಬೇರು ಅಲ್ಲೇ ಉಳಿಯುತ್ತದೆ. ಜೇನು ಬಹುಪಾಲು ಸಕ್ಕರೆ, ಶಿಲೀಂಧ್ರಕ್ಕೆ ಅದೇ ಆಹಾರ. ಸಾಮಾನ್ಯ ಚಿಕಿತ್ಸೆ ಫ್ಲುಕೊನಜೋಲ್ ಎಂಬ ಶಿಲೀಂಧ್ರನಾಶಕ ಮಾತ್ರೆ, ದಿನಕ್ಕೊಮ್ಮೆ 100ರಿಂದ 200 ಮಿ.ಗ್ರಾಂ, 7ರಿಂದ 14 ದಿನ. ಸೌಮ್ಯವಾಗಿದ್ದರೆ ಕ್ಲೋಟ್ರಿಮಜೋಲ್ ಚೀಪುವ ಮಾತ್ರೆಯೂ ಆದೀತು. ನುಂಗದೆ ನಿಧಾನವಾಗಿ ಕರಗಿಸಬೇಕು. ಮೂರನೇ ದಿನಕ್ಕೆ ಪೊರೆ ಮಾಯವಾಯಿತೆಂದು ನಿಲ್ಲಿಸುವುದೇ ಹೆಚ್ಚಾಗಿ ಆಗುವ ಎಡವಟ್ಟು, ಮರಳಿ ಬರುತ್ತದೆ. ಕಟ್ಟುಹಲ್ಲಿದ್ದರೆ ರಾತ್ರಿ ತೆಗೆದು ತೊಳೆದಿಡಿ.

ಹಾಗೆಂದು ಮೆಡಿಕಲ್‌ನಲ್ಲಿ ನೀವೇ ಕೇಳಿ ಕೊಳ್ಳಬೇಡಿ. ಟಿಬಿಗೆ ಕೊಡುವ ರಿಫಾಂಪಿಸಿನ್ ಔಷಧ ಫ್ಲುಕೊನಜೋಲ್‌ನ ಬಲ ತಗ್ಗಿಸುತ್ತದೆ. ಗರ್ಭಿಣಿಯರು, ಲಿವರ್ ತೊಂದರೆ ಇರುವವರು ಮೊದಲೇ ವೈದ್ಯರಿಗೆ ತಿಳಿಸಬೇಕು. ನುಂಗುವಾಗ ಎದೆಯಲ್ಲಿ ನೋವಾದರೆ ಸೋಂಕು ಅನ್ನನಾಳಕ್ಕೆ ಇಳಿದಿರಬಹುದು. ಆಗ 14ರಿಂದ 21 ದಿನದ ಚಿಕಿತ್ಸೆ ಬೇಕು. ನಾಲಿಗೆಯ ಅಂಚಿನ ಬಿಳಿ ಗೆರೆ ಒರೆಸಿದರೂ ಹೋಗದಿದ್ದರೆ ಅದು ಥ್ರಷ್ ಅಲ್ಲದಿರಬಹುದು. ಎಚ್‌ಐವಿಯನ್ನು ಹತ್ತಿಕ್ಕುವ ಎಆರ್‌ಟಿ ಮಾತ್ರೆ ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ, ಥ್ರಷ್ ಮರುಕಳಿಸದಂತೆ ನಿಜಕ್ಕೂ ತಡೆಯುವುದು ಅದೇ.

ಇಂಥ ಸಂದೇಶ ಬಂದಾಗ ನೋಡಿ: ಪ್ರಮಾಣ, ದಿನಗಳ ಲೆಕ್ಕ, ಯಾರಿಗೆ ಕೂಡದು ಎಂಬ ಮಾತು ಇದೆಯೇ? ಸಾಮಾನ್ಯವಾಗಿ ಇರುವುದಿಲ್ಲ. ರಾಷ್ಟ್ರೀಯ ಎಚ್‌ಐವಿ ಚಿಕಿತ್ಸಾ ಮಾರ್ಗಸೂಚಿ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಓದಲು ಬೇಸರವಾದರೆ ರಾಷ್ಟ್ರೀಯ ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡಿ, ದುಡ್ಡು ಬೇಕಿಲ್ಲ.